ಟಿಪ್ಪು ಬೇಗ ಬಂದ, ಢಾಕಾ ತಡವಾಯಿತು: ಇಮ್ರಾನ್ ಖಾನ್ ಹೇಳಿದ ಇತಿಹಾಸ

2019ರ ಫೆಬ್ರುವರಿ 28, ಇಸ್ಲಾಮಾಬಾದ್. ಬಾಲಾಕೋಟ್ ಮೇಲೆ ನಮ್ಮ ವಿಮಾನಗಳು ಬಾಂಬ್ ಹಾಕಿ ಎರಡು ದಿನ ಆಗಿತ್ತು. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದಲ್ಲಿ ಸೆರೆಯಲ್ಲಿದ್ದರು. ಎರಡೂ ದೇಶಗಳ ಟಿವಿಗಳು ಯುದ್ಧ ಶುರುವಾಗೇ ಹೋಯಿತು ಅನ್ನುವ ಹಾಗೆ ಕೂಗುತ್ತಿದ್ದವು. ಅವತ್ತು ಅಲ್ಲಿನ ಸಂಸತ್ತಿನಲ್ಲಿ ಪ್ರಧಾನಿ ಇಮ್ರಾನ್ ಖಾನ್ ಎದ್ದು ನಿಂತು, ಅಭಿನಂದನ್ ಅವರನ್ನು ಬಿಟ್ಟು ಕಳಿಸುತ್ತೇವೆ ಅಂದರು. ನಮ್ಮಲ್ಲಿ ಎಲ್ಲರಿಗೂ ನೆನಪಿರುವುದು ಆ ಮಾತು. ಅದೇ ಭಾಷಣದಲ್ಲಿ ಇಬ್ಬರು ರಾಜರ ಕಥೆಯೂ ಇತ್ತು. ಒಬ್ಬ ಬಹಾದುರ್ ಶಾ ಜಫರ್, ಇನ್ನೊಬ್ಬ ಟಿಪ್ಪು ಸುಲ್ತಾನ್. ಸಾವೋ ಗುಲಾಮಗಿರಿಯೋ ಅನ್ನುವ ಗಳಿಗೆ ಬಂದಾಗ ಜಫರ್ ಗುಲಾಮಗಿರಿ ಆರಿಸಿಕೊಂಡ, ಟಿಪ್ಪು ಸ್ವಾತಂತ್ರ್ಯ ಆರಿಸಿಕೊಂಡ, ನಮ್ಮ ದೇಶದ ಹೀರೋ ಟಿಪ್ಪು. ಅವರ ಮಾತಿನ ತಿರುಳು ಇಷ್ಟು.

ಲಾಹೋರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಓದಿ, ವಿಶ್ವಕಪ್ ಗೆದ್ದ ಮನುಷ್ಯನಿಗೆ ಅಂಥ ಹೊತ್ತಿನಲ್ಲಿ ನೆನಪಾಗಿದ್ದು ಶ್ರೀರಂಗಪಟ್ಟಣ! ಎರಡು ತಿಂಗಳಾದ ಮೇಲೆ, ಮೇ 4ರಂದು, ಟಿಪ್ಪು ಸತ್ತ ದಿನ ಅಂತ ಟ್ವೀಟ್ ಕೂಡ ಮಾಡಿದರು. ಅದೇ ವರ್ಷ ಇಲ್ಲಿ ಕರ್ನಾಟಕ ಸರ್ಕಾರ ಟಿಪ್ಪು ಜಯಂತಿಯನ್ನು ನಿಲ್ಲಿಸಿತು. ಆ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ.

ಇಮ್ರಾನ್ ಒಳ್ಳೆಯ ಪ್ರಧಾನಿಯೋ ಕೆಟ್ಟ ಪ್ರಧಾನಿಯೋ ಅನ್ನುವುದೂ ಈ ಬರಹದ ವಿಷಯ ಅಲ್ಲ. ಆಟದಿಂದ ರಾಜಕೀಯಕ್ಕೆ ಬಂದ ಒಬ್ಬ ಮನುಷ್ಯ ತನ್ನ ದೇಶದ ಇತಿಹಾಸವನ್ನು ಹೇಗೆ ಹೇಳಿದ, ಯಾವಾಗ ಹೇಳಿದ, ಯಾವಾಗ ಸುಮ್ಮನಾದ ಅನ್ನುವುದು ಮಾತ್ರ ನನ್ನ ಪ್ರಶ್ನೆ. ಇದಕ್ಕೆ ಇಮ್ರಾನ್ ಅವರಷ್ಟು ಒಳ್ಳೆಯ ಉದಾಹರಣೆ ಇನ್ನೊಂದು ಸಿಗಲಿಕ್ಕಿಲ್ಲ. ಅವರು ಇತಿಹಾಸದ ಬಗ್ಗೆ ಬರೀ ಭಾಷಣ ಮಾಡಿದವರಲ್ಲ, ಪುಸ್ತಕಗಳನ್ನೂ ಬರೆದವರು. ಮೇಲಾಗಿ 1971ರಲ್ಲಿ ತಮ್ಮ ದೇಶ ಒಡೆದು ಬಾಂಗ್ಲಾದೇಶ ಆಗುವ ಹೊತ್ತಿಗೆ ಢಾಕಾದಲ್ಲೇ ಇದ್ದವರು.

ಮನೆಯಲ್ಲಿ ಕೇಳಿದ್ದು, ಶಾಲೆಯಲ್ಲಿ ಕೇಳದೇ ಇದ್ದದ್ದು

ತಾಯಿ ಶೌಕತ್ ಖಾನಂ ಅವರ ಕಡೆಯವರು ಜಲಂಧರಿನ ಪಠಾಣರು. ದೇಶ ವಿಭಜನೆ ಆದಾಗ ಎಲ್ಲ ಬಿಟ್ಟು ಲಾಹೋರಿಗೆ ಬಂದು ಜಮಾನ್ ಪಾರ್ಕ್ ಬಡಾವಣೆಯಲ್ಲಿ ನೆಲೆ ನಿಂತರು. ತಂದೆಯ ಕಡೆಯವರು ಮಿಯಾಂವಾಲಿಯ ನಿಯಾಜಿಗಳು. ಇಮ್ರಾನ್ ಹುಟ್ಟಿದ್ದು 1952ರಲ್ಲಿ. "ನಾವು ಗುಲಾಮರಾಗಿ ಹುಟ್ಟಿದವರು, ನೀನು ಸ್ವತಂತ್ರನಾಗಿ ಹುಟ್ಟಿದ್ದೀಯ" ಅಂತ ಅಪ್ಪ ಅಮ್ಮ ಹೇಳುತ್ತಿದ್ದರು ಅನ್ನುವುದನ್ನು ಅವರು ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾರೆ.

ಇಂಥ ಮನೆಯ ಹುಡುಗನನ್ನು ಹಾಕಿದ್ದು ಮಾತ್ರ ಲಾಹೋರಿನ ಏಚಿಸನ್ ಕಾಲೇಜಿಗೆ. ಬ್ರಿಟಿಷರು ರಾಜರ, ಜಮೀನ್ದಾರರ ಮಕ್ಕಳಿಗಾಗಿ ಕಟ್ಟಿದ ಶಾಲೆ ಅದು. ಅಲ್ಲಿ ಶೇಕ್ಸ್‌ಪಿಯರ್ ಓದಿಸಿದರು, ತಮ್ಮದೇ ಕವಿ ಇಕ್ಬಾಲ್ ಅವರನ್ನು ಓದಿಸಲಿಲ್ಲ ಅನ್ನುವುದು ಮುಂದೆ ಅವರು ಹೇಳಿಕೊಂಡ ದೂರು. ನಮ್ಮಲ್ಲೂ ಈ ದೂರು ಹೊಸದೇನಲ್ಲ. ಕಾನ್ವೆಂಟಿನಲ್ಲಿ ಓದಿ ಕುವೆಂಪು ಅವರನ್ನು ಮೂವತ್ತು ದಾಟಿದ ಮೇಲೆ ಕೈಗೆತ್ತಿಕೊಂಡವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ತಡವಾಗಿ ಓದಿದವರ ಪ್ರೀತಿ ಸ್ವಲ್ಪ ಜಾಸ್ತಿಯೇ ಇರುತ್ತದೆ, ಅಲ್ವಾ? ಇಮ್ರಾನ್ ಅವರಿಗೆ ಇಕ್ಬಾಲ್ ಮೇಲೆ ಬೆಳೆದದ್ದು ಆ ತರಹದ ಪ್ರೀತಿ.

ಅವರ ಬಾಯಲ್ಲಿ ಟಿಪ್ಪು ಯಾಕೆ ಬರುತ್ತಾನೆ ಅನ್ನುವುದಕ್ಕೂ ಇಲ್ಲಿ ಒಂದು ಎಳೆ ಸಿಗುತ್ತದೆ. ಇಕ್ಬಾಲ್ 1929ರ ಜನವರಿಯಲ್ಲಿ ಮೈಸೂರಿಗೆ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿ ನೋಡಿ ಹೋಗಿದ್ದರು. ಮೂರು ವರ್ಷದ ನಂತರ ಬಂದ ಪಾರಸಿ ಕಾವ್ಯದಲ್ಲಿ ಟಿಪ್ಪುವಿಗೆ ದೊಡ್ಡ ಜಾಗ ಕೊಟ್ಟರು. ಬಂಗಾಳದ ಮೀರ್ ಜಾಫರ್, ದಖ್ಖನಿನ ಮೀರ್ ಸಾದಿಕ್, ಈ ಎರಡು ಹೆಸರುಗಳನ್ನು ಒಂದೇ ಸಾಲಿನಲ್ಲಿ ಕಟ್ಟಿ ದ್ರೋಹಕ್ಕೆ ಗಾದೆ ಮಾಡಿಟ್ಟವರೂ ಅವರೇ. ನಮ್ಮ ಶ್ರೀರಂಗಪಟ್ಟಣದ ದಿವಾನ ಲಾಹೋರಿನ ಬೈಗುಳ ಆಗಿದ್ದು ಆ ದಾರಿಯಲ್ಲಿ.

ಕರಾರಿನ ಟಿಪ್ಪು

ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗದ ಕನ್ನಡಿಗರು ಕಡಿಮೆ. ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ, ಗುಂಬಜ್, ಟಿಪ್ಪುವಿನ ಹೆಣ ಸಿಕ್ಕ ಜಾಗದಲ್ಲಿ ನೆಟ್ಟ ಕಲ್ಲು. ಇಷ್ಟು ನೋಡಿ ಪುಳಿಯೋಗರೆ ತಿಂದು ಬಸ್ ಹತ್ತಿದವರಿಗೂ 1792ರ ಕಥೆ ಗೊತ್ತಿರುತ್ತದೆ. ಮೂರನೇ ಯುದ್ಧ ಸೋತ ಟಿಪ್ಪು ಕಾರ್ನ್‌ವಾಲಿಸ್ ಜೊತೆ ಒಪ್ಪಂದ ಮಾಡಿಕೊಂಡ. ಅರ್ಧ ರಾಜ್ಯ ಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ. ಹಣ ತೀರುವ ತನಕ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಕೋಟೆಯಲ್ಲಿ ಹೋರಾಡಿ ಸತ್ತದ್ದು ಅದಾಗಿ ಏಳು ವರ್ಷಕ್ಕೆ, 1799ರಲ್ಲಿ.

ಅಂದರೆ ಬಗ್ಗಬೇಕಾದಾಗ ಬಗ್ಗಿ, ದುಡ್ಡು ತೀರಿಸಿ, ಮಕ್ಕಳನ್ನು ಬಿಡಿಸಿಕೊಂಡು, ಮತ್ತೆ ಫ್ರೆಂಚರ ಸಹಾಯಕ್ಕೆ ಕೈಚಾಚಿದ ಅರಸ ಅವನು. ಇಸ್ಲಾಮಾಬಾದಿನ ಭಾಷಣದ ಟಿಪ್ಪುವಿನಲ್ಲಿ ಈ ಏಳು ವರ್ಷಗಳೇ ಇಲ್ಲ. ಜಫರ್ ವಿಷಯದಲ್ಲೂ ಹೀಗೇ. 1857ರಲ್ಲಿ ಎಂಬತ್ತು ದಾಟಿದ್ದ ಆ ಮುದುಕ, ಪಿಂಚಣಿಯ ಮೇಲೆ ಬದುಕುತ್ತಿದ್ದವನು, ಸಿಪಾಯಿಗಳ ದಂಗೆಗೆ ಹೆಸರು ಕೊಟ್ಟ. ಅದಕ್ಕಾಗಿ ಮಕ್ಕಳನ್ನು ಕಳೆದುಕೊಂಡು ರಂಗೂನಿನಲ್ಲಿ ಸತ್ತ. ಅವನನ್ನು ಗುಲಾಮಗಿರಿ ಆರಿಸಿಕೊಂಡವನು ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಅನ್ಯಾಯ.

ಭಾಷಣದಲ್ಲಿ ಇಷ್ಟೆಲ್ಲ ಹೇಳಲಿಕ್ಕೆ ಆಗುತ್ತಾ ಅಂತ ಕೇಳಬಹುದು. ಆಗುವುದಿಲ್ಲ, ಒಪ್ಪುತ್ತೇನೆ. 2019ರ ಏಪ್ರಿಲಿನಲ್ಲಿ ತೆಹರಾನಿನಲ್ಲಿ ನಿಂತು ಜರ್ಮನಿಗೂ ಜಪಾನಿಗೂ ಗಡಿ ಇದೆ ಅನ್ನುವ ಹಾಗೆ ಮಾತಾಡಿದ್ದನ್ನೂ ಬಾಯಿ ತಪ್ಪು ಅಂತ ಬಿಟ್ಟುಬಿಡೋಣ. ಆದರೆ ಇಬ್ಬರು ರಾಜರ ಕಥೆ ಬಾಯಿ ತಪ್ಪಿ ಬಂದದ್ದಲ್ಲ. ಅದು ಅವರ ಅಚ್ಚು. ಅವರ ಇತಿಹಾಸದಲ್ಲಿ ಮೂರೇ ಪಾತ್ರ: ವೀರ, ಗುಲಾಮ, ದ್ರೋಹಿ. ಗುಲಾಮಗಿರಿ ಯಾವಾಗಲೂ ಹೊರಗಿನಿಂದ ಬರುತ್ತದೆ. ನಿನ್ನೆ ಬ್ರಿಟಿಷರು, ಇವತ್ತು ಅಮೆರಿಕ. 2022ರ ಮಾರ್ಚಿನಲ್ಲಿ ಯುರೋಪಿನ ರಾಯಭಾರಿಗಳಿಗೆ "ನಾವೇನು ನಿಮ್ಮ ಗುಲಾಮರಾ?" ಅಂತ ಮೈಲ್ಸಿಯ ಬಯಲಿನಲ್ಲಿ ನಿಂತು ಕೇಳಿದಾಗ ಜನ ಕುಣಿದಾಡಿದರು. ಆ ಅಚ್ಚಿಗೆ ಕೂರದ ಒಂದು ಘಟನೆ ಅವರ ದೇಶದ ಚರಿತ್ರೆಯಲ್ಲಿದೆ. ಅದನ್ನು ಅವರು ಹದಿನೆಂಟನೇ ವಯಸ್ಸಿಗೇ ಹತ್ತಿರದಿಂದ ನೋಡಿದ್ದರು.

ಢಾಕಾದಿಂದ ಹೊರಟ ವಿಮಾನ

1970ರ ಡಿಸೆಂಬರಿನ ಚುನಾವಣೆ. 300 ಸ್ಥಾನಗಳಲ್ಲಿ ಶೇಖ್ ಮುಜೀಬುರ್ ರಹಮಾನ್ ಅವರ ಅವಾಮಿ ಲೀಗಿಗೆ 160, ಎಲ್ಲವೂ ಪೂರ್ವ ಪಾಕಿಸ್ತಾನದಿಂದ. ಭುಟ್ಟೋ ಪಕ್ಷಕ್ಕೆ 81, ಎಲ್ಲವೂ ಪಶ್ಚಿಮದಿಂದ. ಲೆಕ್ಕದ ಪ್ರಕಾರ ಮುಜೀಬ್ ಪ್ರಧಾನಿ ಆಗಬೇಕು. ಆಗ ದೇಶ ಆಳುತ್ತಿದ್ದ ಜನರಲ್ ಯಾಹ್ಯಾ ಖಾನ್ 1971ರ ಮಾರ್ಚ್ 1ರಂದು ಸಂಸತ್ತಿನ ಅಧಿವೇಶನವನ್ನೇ ಮುಂದೂಡಿದರು. ಢಾಕಾ ಬೀದಿಗಿಳಿಯಿತು.

ಅದೇ ತಿಂಗಳು 19 ವರ್ಷದೊಳಗಿನವರ ತಂಡದ ಜೊತೆ ಆಡಲು ಇಮ್ರಾನ್ ಢಾಕಾಗೆ ಹೋಗಿದ್ದರು. ಮೈದಾನದಲ್ಲಿ ತಮ್ಮ ಮೇಲೆ ಜನರಿಗೆ ಇದ್ದ ಸಿಟ್ಟನ್ನು ಅಲ್ಲೇ ಮೊದಲು ಕಂಡೆ ಅಂತ ಅವರು ಹೇಳಿಕೊಂಡಿದ್ದಾರೆ. ಎದುರು ತಂಡದ ನಾಯಕ ಅವರ ಗೆಳೆಯ. ಪಶ್ಚಿಮದವರ ಬಗ್ಗೆ ಇಲ್ಲಿ ಎಷ್ಟು ಕಹಿ ಇದೆ, ಜನ ಏನು ಬಯಸುತ್ತಿದ್ದಾರೆ ಅಂತ ಬಿಡಿಸಿ ಹೇಳಿದ್ದು ಆ ಹುಡುಗ. ಲಾಹೋರಿನ ಪತ್ರಿಕೆಗಳಲ್ಲಿ ಇದರ ಸುಳಿವೂ ಇರಲಿಲ್ಲ. ಸೇನೆ ಕಾರ್ಯಾಚರಣೆಗೆ ಇಳಿಯುವ ಮೊದಲು ಹೊರಟ ಕೊನೆಯ ವಿಮಾನದಲ್ಲಿ ತಾವು ಬಂದೆವು ಅನ್ನುತ್ತಾರೆ ಇಮ್ರಾನ್.

ಮಾರ್ಚ್ 25ರ ರಾತ್ರಿ ಕಾರ್ಯಾಚರಣೆ ಶುರುವಾಯಿತು. ಢಾಕಾ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ಸೈನಿಕರು ನುಗ್ಗಿದರು. ಸತ್ತವರು ಎಷ್ಟು ಅನ್ನುವುದರ ಬಗ್ಗೆ ಎರಡೂ ದೇಶಗಳಲ್ಲಿ ಇಂದಿಗೂ ಜಗಳ ಇದೆ. ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದರು. ಇತ್ತ ಇಮ್ರಾನ್ ಇಂಗ್ಲೆಂಡ್ ಪ್ರವಾಸಕ್ಕೆ ಆಯ್ಕೆಯಾಗಿ, ಜೂನಿನಲ್ಲಿ ಎಡ್ಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ವಿಕೆಟ್ ಸಿಗಲಿಲ್ಲ. ಊರಿನಲ್ಲಿ ಕೇಳಿದ ಕಥೆ ಒಂದು, ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತಿದ್ದ ಕಥೆ ಇನ್ನೊಂದು. ಡಿಸೆಂಬರ್ 16ಕ್ಕೆ ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸಹಿ ಹಾಕಿದವರು ಲೆಫ್ಟಿನೆಂಟ್ ಜನರಲ್ ಎ.ಎ.ಕೆ. ನಿಯಾಜಿ. ಅವರೂ ಮಿಯಾಂವಾಲಿ ಕಡೆಯವರೇ, ಅದೇ ನಿಯಾಜಿ ಕುಲ.

ಈ ಅನುಭವವನ್ನು ಇಮ್ರಾನ್ ಮುಚ್ಚಿಡಲಿಲ್ಲ. ಅದನ್ನು ಒಪ್ಪಲೇಬೇಕು. 1996ರಲ್ಲಿ ಪಕ್ಷ ಕಟ್ಟಿ, 1997ರಲ್ಲಿ ಒಂದೂ ಸ್ಥಾನ ಸಿಗದೆ, 2002ರಲ್ಲಿ ಮಿಯಾಂವಾಲಿಯಿಂದ ತಾವೊಬ್ಬರೇ ಗೆದ್ದು ಕೂತಿದ್ದ ವರ್ಷಗಳಲ್ಲಿ, ಅಫ್ಘಾನ್ ಗಡಿಯ ವಜೀರಿಸ್ತಾನಕ್ಕೆ ಸೇನೆ ಕಳಿಸಬೇಡಿ ಅಂತ ವಾದ ಮಾಡುವಾಗ ಪೂರ್ವ ಪಾಕಿಸ್ತಾನವನ್ನೇ ಉದಾಹರಣೆ ಕೊಡುತ್ತಿದ್ದರು. ಸ್ವಂತ ಜನರ ಮೇಲೆ ಸೇನೆ ಬಿಟ್ಟು ಯಾವ ಸಮಸ್ಯೆಯೂ ಬಗೆಹರಿಯಲಿಲ್ಲ ಅನ್ನುವುದು ಅವರ ವಾದ. 2011ರಲ್ಲಿ ಇನ್ನೂ ಮುಂದೆ ಹೋಗಿ, ಪಾಕಿಸ್ತಾನ ಬಾಂಗ್ಲಾದೇಶದ ಕ್ಷಮೆ ಕೇಳಬೇಕು ಅಂದರು. ಪಂಜಾಬಿನ ರಾಜಕಾರಣಿ ಆಡುವ ಮಾತಲ್ಲ ಅದು. ಧೈರ್ಯ ಬೇಕಿತ್ತು.

ಎರಡೇ ವರ್ಷಕ್ಕೆ ಮಾತು ತಿರುಗಿತು. 1971ರ ಅಪರಾಧಗಳಿಗಾಗಿ ಬಾಂಗ್ಲಾದೇಶ 2013ರ ಡಿಸೆಂಬರಿನಲ್ಲಿ ಜಮಾತ್ ನಾಯಕ ಅಬ್ದುಲ್ ಖಾದರ್ ಮುಲ್ಲಾ ಅವರನ್ನು ಗಲ್ಲಿಗೇರಿಸಿತು. ಅದನ್ನು ಖಂಡಿಸುವ ನಿರ್ಣಯ ಪಾಕಿಸ್ತಾನದ ಸಂಸತ್ತಿನ ಮುಂದೆ ಬಂತು. ಭುಟ್ಟೋ ಕಟ್ಟಿದ ಪಕ್ಷ ವಿರೋಧಿಸಿತು, ಇಮ್ರಾನ್ ಪಕ್ಷ ಬೆಂಬಲಿಸಿತು! ನಿರ್ಣಯ ಪಾಸಾದ ತಾರೀಕು ಡಿಸೆಂಬರ್ 16.

ಚಿನ್ನಸ್ವಾಮಿಯ ನಾಯಕ

ಸ್ವಲ್ಪ ಕ್ರಿಕೆಟ್ಟಿಗೆ ಬರುತ್ತೇನೆ, ಯಾಕೆಂದರೆ ಇದೇ ಮನುಷ್ಯ ಮೈದಾನದಲ್ಲಿ ಬೇರೆ ತರಹ ಇದ್ದರು. 1987ರ ಮಾರ್ಚ್, ಬೆಂಗಳೂರು. ಮೊದಲ ನಾಲ್ಕು ಟೆಸ್ಟ್ ಡ್ರಾ. ಚಿನ್ನಸ್ವಾಮಿಯ ಪಿಚ್ಚಿನಲ್ಲಿ ಚೆಂಡು ಮೊದಲ ದಿನದಿಂದಲೇ ಬುಗುರಿಯ ಹಾಗೆ ತಿರುಗುತ್ತಿತ್ತು. ಮಣಿಂದರ್ ಸಿಂಗ್ 27 ರನ್ ಕೊಟ್ಟು 7 ವಿಕೆಟ್ ಕಿತ್ತರು, ಪಾಕಿಸ್ತಾನ 116ಕ್ಕೆ ಮುಗಿಯಿತು. ಇಮ್ರಾನ್ ಆಗ ಜಗತ್ತಿನ ದೊಡ್ಡ ವೇಗದ ಬೌಲರ್‌ಗಳಲ್ಲಿ ಒಬ್ಬರು. ಆದರೂ ಚೆಂಡನ್ನು ಇಕ್ಬಾಲ್ ಖಾಸಿಮ್, ತೌಸೀಫ್ ಅಹ್ಮದ್ ಕೈಗೆ ಕೊಟ್ಟರು. ನೆಚ್ಚಿನ ಅಬ್ದುಲ್ ಖಾದಿರ್ ಆ ಪಂದ್ಯದಲ್ಲಿ ಇರಲೇ ಇಲ್ಲ. ಭಾರತದ 20 ವಿಕೆಟ್ಟುಗಳಲ್ಲಿ 18 ಆ ಇಬ್ಬರು ಸ್ಪಿನ್ನರ್‌ಗಳ ಪಾಲಾದವು, ತಲಾ ಒಂಬತ್ತು. ಗೆಲ್ಲಲು 221 ಬೇಕಿತ್ತು. ಗಾವಸ್ಕರ್ ತಮ್ಮ ಕೊನೆಯ ಟೆಸ್ಟಿನಲ್ಲಿ 96 ಹೊಡೆದು ಸ್ಲಿಪ್ಪಿನಲ್ಲಿ ಕ್ಯಾಚ್ ಕೊಟ್ಟರು. 16 ರನ್ನಿನಿಂದ ಸೋತೆವು. ಪಾಕಿಸ್ತಾನ ನಮ್ಮ ನೆಲದಲ್ಲಿ ಸರಣಿ ಗೆದ್ದದ್ದು ಅದೇ ಮೊದಲು. ಬೆಂಗಳೂರಿನ ಹಳಬರಿಗೆ ಆ ಮಧ್ಯಾಹ್ನ ಇನ್ನೂ ಮರೆತಿಲ್ಲ.

ಪಿಚ್ ನೋಡಿ, ತನ್ನ ಬಲವನ್ನೇ ಪಕ್ಕಕ್ಕಿಟ್ಟು ಆಡಿದ ನಾಯಕ ಅವತ್ತಿನವರು. ಇತಿಹಾಸದ ಪಿಚ್ಚಿನಲ್ಲಿ ಆ ಜಾಣತನ ಕಾಣುವುದಿಲ್ಲ. ಅಲ್ಲಿ ಎಲ್ಲ ಪಿಚ್ಚಿಗೂ ಒಂದೇ ಚೆಂಡು. (ವಿಶ್ವಕಪ್ ಗೆದ್ದದ್ದು 1992ರ ಮಾರ್ಚ್ 25ರಂದು. ಢಾಕಾದ ಆ ರಾತ್ರಿಗೆ ಸರಿಯಾಗಿ 21 ವರ್ಷ. ಮೆಲ್ಬರ್ನಿನಲ್ಲಿ ಅದು ಯಾರಿಗೂ ನೆನಪಾಗಿರಲಿಕ್ಕಿಲ್ಲ. ಆಗಬೇಕು ಅಂತಲೂ ನಾನು ಹೇಳುತ್ತಿಲ್ಲ.)

ಪೆನ್ನು ಕೈಯಲ್ಲಿದ್ದಾಗ

2018ರ ಆಗಸ್ಟ್ 18ರಂದು ಪ್ರಧಾನಿ ಆದರು. ಸರ್ಕಾರವೂ ಸೇನೆಯೂ ಒಂದೇ ಪುಟದಲ್ಲಿವೆ ಅನ್ನುವುದು ಆಗಿನ ಮಂತ್ರ. ಮರು ವರ್ಷ ಸೇನಾ ಮುಖ್ಯಸ್ಥ ಬಾಜ್ವಾ ಅವರಿಗೆ ಇನ್ನೂ ಮೂರು ವರ್ಷ ಅವಧಿ ಕೊಟ್ಟರು. ಅದು ನನ್ನ ದೊಡ್ಡ ತಪ್ಪು ಅಂತ ಆಮೇಲೆ ಅವರೇ ಹೇಳಿದರು. ವಜೀರಿಸ್ತಾನದ ಪಶ್ತೂನ್ ಚಳವಳಿಯ ಇಬ್ಬರು ಸಂಸದರು, ಅಲಿ ವಜೀರ್ ಮತ್ತು ಮೊಹ್ಸಿನ್ ದಾವರ್, 2019ರಲ್ಲಿ ಜೈಲು ಸೇರಿದರು. ಸೇನೆ ಬಿಡಬೇಡಿ ಅಂತ ಇಮ್ರಾನ್ ವರ್ಷಗಟ್ಟಲೆ ಕೂಗಿದ್ದ ಊರುಗಳ ಪ್ರತಿನಿಧಿಗಳು ಇವರು. 2021ರ ಜನವರಿಯಲ್ಲಿ ಬಲೂಚಿಸ್ತಾನದಲ್ಲಿ ಹಜಾರಾ ಗಣಿ ಕೆಲಸಗಾರರನ್ನು ಕೊಂದಾಗ, ಪ್ರಧಾನಿ ಬರುವ ತನಕ ಮಣ್ಣು ಮಾಡುವುದಿಲ್ಲ ಅಂತ ಮನೆಯವರು ಚಳಿಯಲ್ಲಿ ಹೆಣ ಇಟ್ಟುಕೊಂಡು ಕೂತರು. ಪ್ರಧಾನಿಯನ್ನು ಹೀಗೆ ಬ್ಲ್ಯಾಕ್‌ಮೇಲ್ ಮಾಡಬಾರದು ಅಂದುಬಿಟ್ಟರು ಇಮ್ರಾನ್.

ಜನರನ್ನು ಎತ್ತಿಕೊಂಡು ಹೋಗಿ ನಾಪತ್ತೆ ಮಾಡುವುದರ ವಿರುದ್ಧ ಅವರದೇ ಸರ್ಕಾರ ಒಂದು ಮಸೂದೆ ತಂದಿತ್ತು. ಕೆಳಮನೆಯಲ್ಲಿ ಪಾಸಾಗಿ ಸೆನೆಟ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಮಾನವ ಹಕ್ಕುಗಳ ಮಂತ್ರಿ ಶಿರೀನ್ ಮಜಾರಿ ಹೇಳಿದ್ದೇನು ಗೊತ್ತಾ? ಆ ಮಸೂದೆಯೇ ಕಾಣೆಯಾಗಿದೆ! ನಗಬೇಕೋ ಅಳಬೇಕೋ ತಿಳಿಯದ ಸುದ್ದಿ.

ನನ್ನ ಮಟ್ಟಿಗೆ ಈ ಪ್ರಕರಣದ ನಡುಗಂಬ 2021ರ ಮಾರ್ಚ್. ಬಾಂಗ್ಲಾದೇಶಕ್ಕೆ 50 ವರ್ಷ ತುಂಬಿತು. ಇಮ್ರಾನ್ ಶೇಖ್ ಹಸೀನಾ ಅವರಿಗೆ ಪತ್ರ ಬರೆದು ಶುಭಾಶಯ ಹೇಳಿದರು. 2011ರಲ್ಲಿ ದೇಶ ಯಾವ ಮಾತು ಹೇಳಬೇಕು ಅಂದಿದ್ದರೋ, ಆ ಮಾತು ಅದರಲ್ಲಿ ಇರಲಿಲ್ಲ. ಕ್ಷಮೆ ಕೇಳಿ ಅಂತ ಬೇರೆಯವರಿಗೆ ಹೇಳಿದ್ದವರ ಕೈಗೇ ಪೆನ್ನು ಬಂದಿತ್ತು. ಬಿಸಿಲಲ್ಲಿ ನಿಂತು ಕೂಗಿದವರೇ ನೆರಳಿಗೆ ಬಂದಾಗ ಗಂಟಲು ಕಟ್ಟುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಆದರೆ ಇವರು ಆ ವಿಮಾನದಲ್ಲಿ ಬಂದವರು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ.

ಅವರ ಪರವಾಗಿ ಒಂದು ಮಾತು ಹೇಳಬಹುದು. ಸೇನೆ ಒಪ್ಪದೆ ಅಲ್ಲಿ ಯಾವ ಪ್ರಧಾನಿಯೂ ಆ ಸಾಲು ಬರೆಯಲಾರ. ನಿಜ ಇರಬಹುದು. ಹಾಗಾದರೆ ನಾವೇನು ಗುಲಾಮರಾ ಅನ್ನುವ ಪ್ರಶ್ನೆಯನ್ನು ಕೇಳಬೇಕಿದ್ದದ್ದು ಬರೀ ಯುರೋಪಿನವರನ್ನಲ್ಲ.

ಮತ್ತೆ ಮೀರ್ ಸಾದಿಕ್

2022ರ ಏಪ್ರಿಲಿನಲ್ಲಿ ಅವಿಶ್ವಾಸ ಮತದಲ್ಲಿ ಸರ್ಕಾರ ಬಿತ್ತು. ಹಾಗೆ ಪದವಿ ಕಳೆದುಕೊಂಡ ಪಾಕಿಸ್ತಾನದ ಮೊದಲ ಪ್ರಧಾನಿ ಅವರು. ಆಮೇಲೆ ಊರೂರಿನ ಸಭೆಗಳಲ್ಲಿ ಎರಡು ಹೆಸರು ಕೇಳತೊಡಗಿದವು: ಮೀರ್ ಜಾಫರ್, ಮೀರ್ ಸಾದಿಕ್. ಯಾರಿಗೆ ಹೇಳುತ್ತಿದ್ದಾರೆ ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ, ಜನ ಸೇನೆಯ ಕಡೆ ನೋಡಿದರು. ಸೇನೆ ಗುರುಗುಟ್ಟಿದಾಗ, ನಾನು ಹೇಳಿದ್ದು ಶೆಹಬಾಜ್ ಷರೀಫ್ ಬಗ್ಗೆ ಅಂದರು. ಸಂಬಳ ಕೊಡುವ ನೆಪದಲ್ಲಿ ಸಿಪಾಯಿಗಳನ್ನು ಕೋಟೆ ಗೋಡೆಯಿಂದ ಆಚೆ ಕರೆದ ಅಂತ ನಮ್ಮಲ್ಲಿ ಕಥೆ ಹೇಳುವ ಆ ದಿವಾನ, 223 ವರ್ಷದ ಮೇಲೆ ಪಂಜಾಬಿನ ಮೈಕುಗಳಲ್ಲಿ ಬೈಗುಳ ತಿನ್ನುತ್ತಿದ್ದ.

ಅದೇ ವರ್ಷ ಲಾಹೋರಿನಿಂದ ಇಸ್ಲಾಮಾಬಾದಿಗೆ ಮೆರವಣಿಗೆ ಹೊರಟಾಗ ಢಾಕಾ ವಾಪಸ್ ಬಂತು. ಆದರೆ ಈ ಸಲ ಕಥೆಯೊಳಗೆ ಅವರ ಜಾಗ ಬದಲಾಗಿತ್ತು. ಗೆದ್ದ ಪಕ್ಷಕ್ಕೆ ಅಧಿಕಾರ ಕೊಡದೆ ದೇಶ ಒಡೆದರು, ಈಗ ನನಗೂ ಹಾಗೇ ಮಾಡುತ್ತಿದ್ದಾರೆ ಅಂತ ಶುರುವಾಯಿತು. ಮೊದಲು ಅವರ 1971ರಲ್ಲಿ ಇದ್ದದ್ದು ಸತ್ತವರು, ಮೋಸಹೋದ ಗೆಳೆಯರು. ಈಗ ಅಲ್ಲಿ ಇಮ್ರಾನ್ ಅವರೇ ಮುಜೀಬ್.

ಹೋಲಿಕೆ ಪೂರ್ತಿ ಸುಳ್ಳು ಅನ್ನಲಾರೆ. 2024ರ ಚುನಾವಣೆಗೆ ಮೊದಲು ಅವರ ಪಕ್ಷದ ಬ್ಯಾಟ್ ಚಿಹ್ನೆ ಕಿತ್ತುಕೊಂಡರು. ಅವರು ಜೈಲಿನಲ್ಲಿದ್ದರು. ಚಿಹ್ನೆ ಇಲ್ಲದೆ ಪಕ್ಷೇತರರಾಗಿ ನಿಂತ ಅವರ ಕಡೆಯವರೇ 90ಕ್ಕೂ ಹೆಚ್ಚು ಕಡೆ ಗೆದ್ದು ಮೊದಲ ಸ್ಥಾನದಲ್ಲಿದ್ದರು. ಆದರೂ ಸರ್ಕಾರ ರಚಿಸಿದವರು ಬೇರೆಯವರು. ಆದರೆ ಮುಜೀಬ್ ಕೇಳಿದ್ದು ಒಂದು ಭಾಷೆಯ, ಒಂದು ನೆಲದ ಪಾಲು. ಇಲ್ಲಿ ಜಗಳ ಇದ್ದದ್ದು ಸೇನೆಯ ಕೇಂದ್ರ ಕಚೇರಿ ಇರುವ ರಾವಲ್ಪಿಂಡಿಯ ಬಾಗಿಲಿನಿಂದ ಒಳಗೆ ಹೋದವರನ್ನು ಅದೇ ಬಾಗಿಲಿನಿಂದ ಹೊರಗೆ ದಬ್ಬಿದ್ದರ ಬಗ್ಗೆ. ಈ ವ್ಯತ್ಯಾಸ ಸಣ್ಣದಲ್ಲ.

2024ರ ಮೇ ಕೊನೆಯಲ್ಲಿ ಅವರ ಎಕ್ಸ್ ಖಾತೆಯಲ್ಲಿ ಒಂದು ಪೋಸ್ಟ್ ಬಂತು. ಎಲ್ಲ ಪಾಕಿಸ್ತಾನಿಯರೂ ಹಮೂದುರ್ ರಹಮಾನ್ ಆಯೋಗದ ವರದಿ ಓದಬೇಕು, ನಿಜವಾದ ದ್ರೋಹಿ ಯಾಹ್ಯಾ ಖಾನೋ ಮುಜೀಬುರ್ ರಹಮಾನೋ ತಿಳಿದುಕೊಳ್ಳಬೇಕು ಅಂತ. 1971ರ ಸೋಲಿನ ತನಿಖೆಗೆ ಭುಟ್ಟೋ ನೇಮಿಸಿದ, ಬಂಗಾಳಿ ಮೂಲದ ಮುಖ್ಯ ನ್ಯಾಯಮೂರ್ತಿಯೊಬ್ಬರ ಆಯೋಗ ಅದು. ಯಾಹ್ಯಾ ಮತ್ತು ಇನ್ನೂ ಕೆಲವು ಜನರಲ್‌ಗಳನ್ನು ವಿಚಾರಣೆಗೆ ಒಳಪಡಿಸಬೇಕು ಅಂತ ಹೇಳಿತ್ತು. ವಿಚಾರಣೆ ನಡೆಯಲಿಲ್ಲ. ವರದಿ ಸುಮಾರು ಮೂವತ್ತು ವರ್ಷ ಕಪಾಟಿನಲ್ಲಿತ್ತು, ಭಾರತದ ಒಂದು ಪತ್ರಿಕೆಯಲ್ಲಿ ಭಾಗಗಳು ಬಂದ ಮೇಲೆ 2000ದ ಕೊನೆಗೆ ಹೊರಗೆ ಬಿಟ್ಟರು. ಓದಿದರೆ ಅದರಲ್ಲಿ ಕಾಣುವುದು ಒಬ್ಬ ದ್ರೋಹಿ ಅಲ್ಲ. ಕುಡಿತ, ಲಂಚ, ಹೇಡಿತನ, ಸುಳ್ಳು ಲೆಕ್ಕ, ಸುಮ್ಮನೆ ಕೂತ ಅಧಿಕಾರಿಗಳು. ಪೋಸ್ಟ್ ಮಾತ್ರ ಕೇಳಿದ್ದು ದ್ರೋಹಿ ಯಾರು ಅಂತ. ಅದೇ ಹಳೇ ಅಚ್ಚು.

ತನಿಖಾ ಸಂಸ್ಥೆ ಆ ಪೋಸ್ಟಿನ ಮೇಲೆ ವಿಚಾರಣೆ ಶುರುಮಾಡಿತು. ಇಮ್ರಾನ್ ಆಗ ರಾವಲ್ಪಿಂಡಿಯ ಅಡಿಯಾಲಾ ಜೈಲಿನಲ್ಲಿದ್ದರು. ಟಿವಿಗಳಲ್ಲಿ ಅವರನ್ನು ಆಡಿಕೊಳ್ಳುವ ವಿರೋಧಿಗಳು ಇಮ್ರಾನ್ ಖಾನ್ ಅನ್ನುವುದಿಲ್ಲ, ಇಮ್ರಾನ್ ನಿಯಾಜಿ ಅನ್ನುತ್ತಾರೆ. ಢಾಕಾದಲ್ಲಿ ಶರಣಾಗತಿಗೆ ಸಹಿ ಹಾಕಿದ ಜನರಲ್ ನೆನಪಾಗಲಿ ಅಂತ. ಮೊಕದ್ದಮೆಯ ಕಾಗದಗಳಲ್ಲೂ ಹೆಸರು ಹಾಗೇ ಇದೆ: ಇಮ್ರಾನ್ ಅಹ್ಮದ್ ಖಾನ್ ನಿಯಾಜಿ.